ಕತ್ತರಿ ಕರಾರುವಾಕ್ಕು, ಬೆಸುಗೆ ಒರಟು: ಪ್ರತಿಕಾಯದ ಜೀನ್ ರೂಪುಗೊಳ್ಳುವ ಬಗೆ

ಪ್ರಶ್ನೆ: ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಸುಮಾರು 20,000. ಆದರೂ ಪ್ರತಿಕಾಯಗಳ ಬಗೆಗಳು ಕೋಟಿಗಟ್ಟಲೆ ಎನ್ನುತ್ತಾರೆ. ವಿ, ಡಿ, ಜೆ ಎಂಬ ಜೀನ್ ತುಂಡುಗಳನ್ನು ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣವಾದ ಬಿ ಕೋಶ ಆಯ್ದು ಜೋಡಿಸುತ್ತದೆ ಎಂದು ಓದಿದ್ದೇನೆ. ಆದರೆ ಗುಣಿಸಿ ನೋಡಿದರೆ ಇಪ್ಪತ್ತು ಲಕ್ಷವೂ ಆಗುವುದಿಲ್ಲ. ಉಳಿದದ್ದು ಎಲ್ಲಿಂದ ಬರುತ್ತದೆ? ವಿ ತುಂಡು ಡಿಯನ್ನು ಬಿಟ್ಟು ನೇರವಾಗಿ ಜೆಗೆ ಸೇರಿಕೊಳ್ಳದಂತೆ ತಡೆಯುವುದು ಏನು? ತನ್ನ ಡಿಎನ್‌ಎಯನ್ನು ತಾನೇ ಕತ್ತರಿಸಿಕೊಳ್ಳುವ ಕೋಶ ಕ್ಯಾನ್ಸರ್ ಆಗದೆ ಹೇಗೆ ಉಳಿಯುತ್ತದೆ? ಪ್ರಯೋಗಾಲಯದ ವರದಿಯಲ್ಲಿ ‘ಕ್ಲೋನಲ್ ಮರುಜೋಡಣೆ ಇದೆ’ ಎಂದು ಬರೆಯುವುದಕ್ಕೂ ಇದಕ್ಕೂ ಏನು ಸಂಬಂಧ?

ಉತ್ತರ: ನಿಮ್ಮ ಗುಣಾಕಾರ ತಪ್ಪಿಲ್ಲ. ನೀವು ಓದಿದ ಪಠ್ಯ ಅರ್ಧ ದಾರಿಯಲ್ಲಿ ನಿಂತಿದೆ, ಅಷ್ಟೇ. ತುಂಡುಗಳನ್ನು ಆಯ್ದುಕೊಳ್ಳುವುದರಿಂದ ಬರುವ ವೈವಿಧ್ಯ ಚಿಕ್ಕದು. ದೊಡ್ಡ ಪಾಲು ಹುಟ್ಟುವುದು ತುಂಡುಗಳು ಒಂದಕ್ಕೊಂದು ಸೇರುವ ಬೆಸುಗೆಯ ಜಾಗದಲ್ಲಿ. ಕತ್ತರಿಸುವ ಕಿಣ್ವ ಒಂದು ಬೇಸ್‌ನಷ್ಟೂ, ಅಂದರೆ ಡಿಎನ್‌ಎಯ ಒಂದಕ್ಷರದಷ್ಟೂ, ಆಚೀಚೆ ಹೋಗುವುದಿಲ್ಲ. ಜೋಡಿಸುವ ಕಿಣ್ವಗಳು ಮಾತ್ರ ತುದಿಗಳನ್ನು ಕೆರೆದು, ಯಾವ ಜೀನ್‌ನಲ್ಲೂ ಬರೆದಿಲ್ಲದ ಅಕ್ಷರಗಳನ್ನು ನಡುವೆ ತುರುಕಿ, ಒರಟೊರಟಾಗಿ ಬೆಸೆಯುತ್ತವೆ. ಆ ಒರಟುತನವೇ ನಿಮ್ಮ ಲೆಕ್ಕದಲ್ಲಿ ಬಿಟ್ಟುಹೋಗಿರುವ ಅಂಕಿ.

ಮೊದಲು ನೀವು ಹಾಕಿದ ಲೆಕ್ಕವನ್ನೇ ಬರೆದುಕೊಳ್ಳೋಣ. ಪ್ರತಿಕಾಯ ಭಾರ ಮತ್ತು ಹಗುರ ಎಂಬ ಎರಡು ಬಗೆಯ ಪ್ರೋಟೀನ್ ಸರಪಳಿಗಳಿಂದ ಆಗಿದೆ. ಭಾರ ಸರಪಳಿಯ ತುಂಡುಗಳು 14ನೇ ವರ್ಣತಂತುವಿನ ಉದ್ದ ತೋಳಿನ ತುದಿಯಲ್ಲಿವೆ. ಕೆಲಸಕ್ಕೆ ಬರುವ ವಿ ತುಂಡುಗಳು ಸುಮಾರು 40, ಡಿ 23, ಜೆ 6. ಹಗುರ ಸರಪಳಿಯಲ್ಲಿ ಡಿ ಇಲ್ಲ. ಕಪ್ಪಾ ಬಗೆಯದು 2ನೇ ವರ್ಣತಂತುವಿನಲ್ಲಿ, ಸುಮಾರು 40 ವಿ ಮತ್ತು 5 ಜೆ. ಲ್ಯಾಂಬ್ಡಾ ಬಗೆಯದು 22ನೇ ವರ್ಣತಂತುವಿನಲ್ಲಿ, ಸುಮಾರು 30 ವಿ ಮತ್ತು 4 ಜೆ. ಭಾರಕ್ಕೆ 40×23×6, ಅಂದರೆ 5,520. ಹಗುರಕ್ಕೆ 200 ಮತ್ತು 120 ಕೂಡಿ 320. ಎರಡನ್ನೂ ಗುಣಿಸಿದರೆ 17,66,400. ವಿ ತುಂಡುಗಳ ಸಂಖ್ಯೆ ವ್ಯಕ್ತಿಯಿಂದ ವ್ಯಕ್ತಿಗೆ ಸ್ವಲ್ಪ ಬೇರೆ ಇರುತ್ತದೆ. ಎಲ್ಲ ತುಂಡುಗಳೂ ಸಮನಾಗಿ ಬಳಕೆಯಾಗುವುದಿಲ್ಲ, ಎಲ್ಲ ಭಾರ ಸರಪಳಿಗಳೂ ಎಲ್ಲ ಹಗುರ ಸರಪಳಿಗಳ ಜೊತೆ ಒಗ್ಗುವುದೂ ಇಲ್ಲ. ಹಾಗಾಗಿ ನಿಜವಾದ ಅಂಕಿ ಇದಕ್ಕಿಂತಲೂ ಕಡಿಮೆ.

ತುಂಡುಗಳ ಅಳತೆಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದು ವಿ ತುಂಡು ಹೆಚ್ಚುಕಡಿಮೆ 300 ಬೇಸ್ ಉದ್ದ, ಜೆ ಐವತ್ತು-ಅರವತ್ತು, ಡಿ ಇನ್ನೂ ಗಿಡ್ಡ, 11ರಿಂದ 37. ಪ್ರತಿಕಾಯ ತನ್ನ ಗುರಿಯನ್ನು ಹಿಡಿಯುವುದು ಪ್ರತಿ ಸರಪಳಿಯ ಮೂರು ಕುಣಿಕೆಗಳಿಂದ. ಮೊದಲೆರಡು ಕುಣಿಕೆಗಳು ವಿ ತುಂಡಿನೊಳಗೇ ಬರೆದಿವೆ. ಮೂರನೆಯದು, ಸಿಡಿಆರ್-3 ಎಂಬುದು, ಬೆಸುಗೆಯ ಮೇಲೇ ಬೀಳುತ್ತದೆ. ಹಿಡಿತದ ನಟ್ಟನಡುವೆ ಕೂರುವ ಕುಣಿಕೆಯೂ ಅದೇ. ಒರಟುತನ ಬೇರೆ ಎಲ್ಲೋ ಇದ್ದಿದ್ದರೆ ಪ್ರೋಟೀನ್ ಕೆಡುತ್ತಿತ್ತು. ಅದು ಇರುವ ಜಾಗದಿಂದಲೇ ಅದಕ್ಕೆ ಬೆಲೆ.

ಗುರುತುಪಟ್ಟಿ ಮತ್ತು 12/23ರ ನಿಯಮ

ಪ್ರತಿ ತುಂಡಿನ ಪಕ್ಕದಲ್ಲೂ ಕತ್ತರಿಗೆ ದಾರಿ ತೋರುವ ಒಂದು ಗುರುತು ಇದೆ. ಅದರಲ್ಲಿ ಮೂರು ಭಾಗ. ತುಂಡಿಗೆ ಅಂಟಿಕೊಂಡೇ ಏಳು ಅಕ್ಷರ: ಸಿ-ಎ-ಸಿ-ಎ-ಜಿ-ಟಿ-ಜಿ. ಆಮೇಲೆ 12 ಅಥವಾ 23 ಬೇಸ್‌ಗಳ ಖಾಲಿ ಅಂತರ. ಕೊನೆಗೆ ಒಂಬತ್ತು ಅಕ್ಷರ: ಎ-ಸಿ-ಎ-ಎ-ಎ-ಎ-ಎ-ಸಿ-ಸಿ. ಏಳರ ಗುರುತಿನಲ್ಲಿ ಮೊದಲ ಮೂರು, ಸಿ-ಎ-ಸಿ, ಬದಲಾದರೆ ಕತ್ತರಿ ಕೆಲಸ ಮಾಡುವುದೇ ಇಲ್ಲ ಎನ್ನಬಹುದು. ಉಳಿದ ಅಕ್ಷರಗಳಲ್ಲಿ ವ್ಯತ್ಯಾಸವಿದ್ದರೆ ಆ ತುಂಡಿನ ಬಳಕೆ ಕಡಿಮೆಯಾಗುತ್ತದೆ. ನಡುವಿನ ಅಂತರದಲ್ಲಿ ಯಾವ ಅಕ್ಷರಗಳಿವೆ ಎನ್ನುವುದು ಅಷ್ಟು ಮುಖ್ಯವಲ್ಲ, ಎಷ್ಟಿವೆ ಎನ್ನುವುದು ಮುಖ್ಯ. ಡಿಎನ್‌ಎ ಏಣಿ ಸುಮಾರು ಹತ್ತೂವರೆ ಬೇಸ್‌ಗೆ ಒಂದು ಸುತ್ತು ತಿರುಗುತ್ತದೆ. ಹಾಗಾಗಿ 12 ಎಂದರೆ ಒಂದು ಸುತ್ತು, 23 ಎಂದರೆ ಎರಡು ಸುತ್ತು. ಏಳರ ಗುರುತೂ ಒಂಬತ್ತರ ಗುರುತೂ ಏಣಿಯ ಒಂದೇ ಮಗ್ಗುಲಿಗೆ ಬಂದು ಕಿಣ್ವದ ಕೈಗೆ ಸಿಗಬೇಕಾದರೆ ಈ ಅಳತೆಯೇ ಬೇಕು.

ನಿಯಮ ಇಷ್ಟು: 12ರ ಗುರುತಿರುವ ತುಂಡು 23ರ ಗುರುತಿರುವ ತುಂಡಿನೊಂದಿಗೆ ಮಾತ್ರ ಜೋಡಿಯಾಗುತ್ತದೆ. ಭಾರ ಸರಪಳಿಯಲ್ಲಿ ವಿಗೆ 23, ಜೆಗೆ 23, ನಡುವಿನ ಡಿಗೆ ಎರಡೂ ಬದಿಯಲ್ಲಿ 12. ಇದರಲ್ಲೇ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರವಿದೆ. ವಿ ನೇರವಾಗಿ ಜೆಗೆ ಹೋಗಬೇಕೆಂದರೆ 23ಕ್ಕೆ 23 ಸಿಗುತ್ತದೆ, ಆಗುವುದಿಲ್ಲ. ಡಿಗೆ ಡಿ ಅಂಟಬೇಕೆಂದರೆ 12ಕ್ಕೆ 12, ಅದೂ ಆಗುವುದಿಲ್ಲ. ತೀರಾ ಅಪರೂಪಕ್ಕೆ ನಿಯಮ ಮುರಿದು ಎರಡು ಡಿ ಸೇರಿರುವುದು ಕಂಡಿದೆ. ಕಪ್ಪಾದಲ್ಲಿ ವಿಗೆ 12, ಜೆಗೆ 23. ಲ್ಯಾಂಬ್ಡಾದಲ್ಲಿ ಅದಲು ಬದಲು.

ಆದರೆ ಈ ನಿಯಮವೊಂದೇ ಎಲ್ಲವನ್ನೂ ಕಾಯುತ್ತದೆ ಎಂದುಕೊಳ್ಳಬೇಡಿ. ಟಿ ಕೋಶ ಎಂಬ ಇನ್ನೊಂದು ಬಗೆಯ ರೋಗನಿರೋಧಕ ಕೋಶದ ಗ್ರಾಹಕದ (ಗುರಿಯನ್ನು ಹಿಡಿಯುವ ಪ್ರೋಟೀನ್) ಬೀಟಾ ಸರಪಳಿಯೂ ಇದೇ ಕತ್ತರಿಯಿಂದ ರೂಪುಗೊಳ್ಳುತ್ತದೆ. ಅಲ್ಲಿ ವಿಗೆ 23, ಜೆಗೆ 12. ಡಿಗೆ ವಿಯ ಕಡೆ 12, ಜೆಯ ಕಡೆ 23. ಲೆಕ್ಕದ ಪ್ರಕಾರ ವಿ ನೇರವಾಗಿ ಜೆಗೆ ಸೇರಲು ಅಡ್ಡಿಯೇ ಇಲ್ಲ. ಆದರೂ ಹಾಗೆ ಆಗುವುದು ಅಪರೂಪ. ಗುರುತುಗಳ ಅಕ್ಷರಗಳಲ್ಲೇ ಅಡಗಿರುವ ಮತ್ತೊಂದು ಹೊಂದಾಣಿಕೆ ಅದನ್ನು ತಡೆಯುತ್ತದೆ.

ಕತ್ತರಿಸುವ ಕ್ಷಣ

ಕತ್ತರಿಯ ಹೆಸರು ರ‍್ಯಾಗ್. ರ‍್ಯಾಗ್-1 ಮತ್ತು ರ‍್ಯಾಗ್-2 ಎಂಬ ಎರಡು ಪ್ರೋಟೀನ್‌ಗಳ ಎರಡೆರಡು ಪ್ರತಿಗಳು ಸೇರಿ ಒಂದು ಯಂತ್ರವಾಗುತ್ತದೆ. ಕತ್ತರಿಸುವ ಅಲಗು ಇರುವುದು ರ‍್ಯಾಗ್-1ರಲ್ಲಿ. ಡಿಎನ್‌ಎಯನ್ನು ಬಗ್ಗಿಸಿಕೊಡಲು ಎಚ್‌ಎಂಜಿಬಿ ಎಂಬ ಸಹಾಯಕ ಪ್ರೋಟೀನ್ ಬೇಕು. ಯಂತ್ರ ಮೊದಲು ಒಂದು ಗುರುತನ್ನು ಹಿಡಿಯುತ್ತದೆ, ಆಮೇಲೆ ಎರಡನೆಯದನ್ನು ಹುಡುಕಿ ಪಕ್ಕಕ್ಕೆ ತಂದುಕೊಳ್ಳುತ್ತದೆ. ಒಂದು 12, ಒಂದು 23 ಎಂದು ಜೊತೆ ಕೂಡಿದ ಮೇಲೆಯೇ ಎರಡೂ ಕಡೆ ಎಳೆಗಳು ಪೂರ್ತಿ ತುಂಡಾಗುವುದು. ಜೊತೆ ಸಿಗದೆ ಒಂಟಿ ಗುರುತಿನಲ್ಲಿ ಕತ್ತರಿಸಿಬಿಟ್ಟರೆ ತುದಿ ಅನಾಥವಾಗಿ ಬೇರೆ ವರ್ಣತಂತುವಿಗೆ ಅಂಟುವ ಅಪಾಯವಿದೆ. ಆದ್ದರಿಂದ ಈ ಕಾಯುವಿಕೆಯೇ ಮೊದಲ ಕಾವಲು.

ಕತ್ತರಿಸುವ ಬಗೆ ವಿಚಿತ್ರವಾಗಿದೆ. ಏಳರ ಗುರುತು ಮತ್ತು ಜೀನ್ ತುಂಡಿನ ಗಡಿಯಲ್ಲಿ ರ‍್ಯಾಗ್ ಮೊದಲು ಒಂದೇ ಎಳೆಯನ್ನು ಕಚ್ಚುತ್ತದೆ. ಬಿಡಿಯಾದ ಆ ತುದಿ ತಿರುಗಿ ಎದುರಿನ ಎಳೆಯ ಮೇಲೆ ಎರಗಿ ಅದನ್ನು ಮುರಿದು ತಾನೇ ಅಂಟಿಕೊಳ್ಳುತ್ತದೆ. ಫಲವಾಗಿ ಜೀನ್ ತುಂಡಿನ ತುದಿ ತಲೆಪಿನ್ನಿನಂತೆ ಬಾಗಿ ಮುಚ್ಚಿಹೋಗುತ್ತದೆ. ಇದಕ್ಕೆ ಹೇರ್‌ಪಿನ್ ಎನ್ನುತ್ತಾರೆ. ಗುರುತಿನ ಕಡೆಯ ತುದಿ ಮಾತ್ರ ಎರಡೂ ಎಳೆ ಸಮನಾಗಿ ಕತ್ತರಿಸಿದಂತೆ ಸಪಾಟಾಗಿರುತ್ತದೆ. ಹೀಗೆ ಒಂದು ಸಲಕ್ಕೆ ನಾಲ್ಕು ತುದಿಗಳು: ಎರಡು ಮುಚ್ಚಿದವು, ಎರಡು ಸಪಾಟು. ಇವುಗಳ ಹಣೆಬರಹ ಬೇರೆ ಬೇರೆ.

ಸಪಾಟು ತುದಿಗಳು ಸಾಮಾನ್ಯವಾಗಿ ಒಂದಕ್ಷರವೂ ಕಳೆದುಕೊಳ್ಳದೆ ಏಳರ ಗುರುತಿಗೆ ಏಳರ ಗುರುತು ತಾಗುವಂತೆ ಸೇರುತ್ತವೆ. ನಡುವಿದ್ದ ಡಿಎನ್‌ಎ ಒಂದು ಉಂಗುರವಾಗಿ ವರ್ಣತಂತುವಿನಿಂದ ಕಳಚಿಬೀಳುತ್ತದೆ. ಈ ಉಂಗುರ ಕೋಶ ವಿಭಜನೆಯಾದಾಗ ನಕಲಾಗುವುದಿಲ್ಲ. ಪ್ರತಿ ವಿಭಜನೆಗೂ ಅದರ ಪಾಲು ಅರ್ಧಕ್ಕೆ ಇಳಿಯುತ್ತದೆ. ಈ ಕಸಕ್ಕೂ ಉಪಯೋಗವಿದೆ: ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ಒಣ ರಕ್ತದ ಚುಕ್ಕೆಯಲ್ಲಿ ಇಂಥ ಉಂಗುರಗಳನ್ನು ಎಣಿಸಿ, ಮಗುವಿನಲ್ಲಿ ಹೊಸ ಟಿ ಮತ್ತು ಬಿ ಕೋಶಗಳು ಹುಟ್ಟುತ್ತಿವೆಯೇ ಎಂದು ತಿಳಿಯುತ್ತಾರೆ. ಟಿ ಕೋಶದ್ದಕ್ಕೆ ಟ್ರೆಕ್, ಬಿ ಕೋಶದ್ದಕ್ಕೆ ಕ್ರೆಕ್ ಎಂದು ಹೆಸರು. ಎರಡು ತುಂಡುಗಳು ವರ್ಣತಂತುವಿನ ಮೇಲೆ ವಿರುದ್ಧ ದಿಕ್ಕಿಗೆ ಮುಖ ಮಾಡಿದ್ದರೆ ಏನೂ ಕಳಚುವುದಿಲ್ಲ, ನಡುವಿನ ಭಾಗ ಹಿಂದುಮುಂದಾಗಿ ಅಲ್ಲೇ ಉಳಿಯುತ್ತದೆ. ಮನುಷ್ಯನ ಕಪ್ಪಾ ವಿ ತುಂಡುಗಳಲ್ಲಿ ಸುಮಾರು ಅರ್ಧದಷ್ಟು ಇಂಥ ತಿರುಗುಮುರುಗಿನವು.

ಅಂದಹಾಗೆ, ಕಚ್ಚಿ ಬಾಗಿಸುವ ಈ ಚಾಳಿ ಜೀನ್‌ಗಳ ನಡುವೆ ಹಾರಾಡುವ ಟ್ರಾನ್ಸ್‌ಪೋಸಾನ್‌ಗಳಲ್ಲೂ ಇದೆ. ರ‍್ಯಾಗ್ ಹುಟ್ಟಿರುವುದೇ ಅಂಥ ಒಂದು ಅಲೆಮಾರಿ ತುಂಡಿನಿಂದ. ದವಡೆಯುಳ್ಳ ಕಶೇರುಕಗಳ ಪೂರ್ವಜರಲ್ಲಿ ಅದು ಪಳಗಿತು. ಕಳಚಿದ ಸಪಾಟು ತುದಿಗಳನ್ನು ರ‍್ಯಾಗ್ ಬೇರೊಂದು ಡಿಎನ್‌ಎಗೆ ಸೇರಿಸಬಲ್ಲದು ಎಂದು 1998ರಲ್ಲಿ ಪರೀಕ್ಷಾ ನಳಿಕೆಯಲ್ಲಿ ತೋರಿಸಲಾಯಿತು. ಹಳೆಯ ಚಾಳಿ ಪೂರ್ತಿ ಬಿಟ್ಟಿಲ್ಲ ಎನ್ನೋಣ.

ಬೆಸುಗೆ: ನಿಮ್ಮ ಲೆಕ್ಕದಲ್ಲಿ ಬಿಟ್ಟುಹೋದದ್ದು

ಈಗ ಮುಚ್ಚಿದ ತುದಿಗಳ ಕಡೆ ಬರೋಣ. ಇವನ್ನು ಜೋಡಿಸುವುದು ಯಾವುದೇ ಕೋಶದಲ್ಲಿ ಡಿಎನ್‌ಎ ಮುರಿದಾಗ ರಿಪೇರಿ ಮಾಡುವ ಮಾಮೂಲಿ ತಂಡ. ಮೊದಲು ಕು-70 ಮತ್ತು ಕು-80 ತುದಿಗೆ ಬಳೆಯಂತೆ ಏರಿಕೊಳ್ಳುತ್ತವೆ. ಅವು ಡಿಎನ್‌ಎ-ಪಿಕೆ ಎಂಬ ದೊಡ್ಡ ಕಿಣ್ವವನ್ನು ಕರೆಯುತ್ತವೆ. ಅದು ಆರ್ಟೆಮಿಸ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಹೇರ್‌ಪಿನ್ ಬಿಚ್ಚುವುದು ಆರ್ಟೆಮಿಸ್‌ನ ಕೆಲಸ.

ಆರ್ಟೆಮಿಸ್ ಬಾಗಿದ ತುದಿಯ ನೆತ್ತಿಯಲ್ಲೇ ಬಿಚ್ಚುವುದಿಲ್ಲ. ಹೆಚ್ಚಾಗಿ ಎರಡಕ್ಷರ ಆಚೆ ಬಿಚ್ಚುತ್ತದೆ. ಉದಾಹರಣೆಗೆ ಮೇಲಿನ ಎಳೆ ಟಿ-ಜಿ-ಜಿ-ಎ ಎಂದು ಮುಗಿದಿದೆ ಎನ್ನಿ. ಎದುರಿನ ಎಳೆ ಅಲ್ಲಿಂದ ಹಿಂದಕ್ಕೆ ಟಿ-ಸಿ-ಸಿ-ಎ ಎಂದು ಓದುತ್ತದೆ, ಮತ್ತು ಈಗ ಎರಡೂ ಒಂದೇ ಎಳೆಯಾಗಿ ಬಾಗಿವೆ. ನೆತ್ತಿಯಿಂದ ಎರಡಕ್ಷರ ಆಚೆ ಕತ್ತರಿಸಿದರೆ ಮೇಲಿನ ಎಳೆಗೆ ಎದುರಿನದರ ಎರಡಕ್ಷರ ಸೇರಿ ಟಿ-ಜಿ-ಜಿ-ಎ-ಟಿ-ಸಿ ಆಗುತ್ತದೆ. ಕೊನೆಯ ಟಿ-ಸಿ ಮೂಲ ಜೀನ್‌ನಲ್ಲಿ ಆ ಎಳೆಯಲ್ಲಿ ಇರಲೇ ಇಲ್ಲ. ಇವಕ್ಕೆ ಪಿ ಅಕ್ಷರಗಳು ಎನ್ನುತ್ತಾರೆ. ಅನುಕ್ರಮ ಓದುವಾಗ ಇವನ್ನು ಗುರುತಿಸುವ ಉಪಾಯ: ತುಂಡಿನ ಪೂರ್ತಿ ತುದಿ ಉಳಿದಿರಬೇಕು, ಅದರ ಮುಂದಿನ ಒಂದೆರಡು ಅಕ್ಷರ ಆ ತುದಿಯ ಕನ್ನಡಿ ಪೂರಕವಾಗಿರಬೇಕು. ತುದಿ ಸವೆದಿದ್ದರೆ ಪಿ ಅಕ್ಷರ ಇರುವುದಿಲ್ಲ.

ಸವೆಯುವುದೇ ಹೆಚ್ಚು. ಬಿಚ್ಚಿದ ತುದಿಯಿಂದ ಕೆಲವು ಬೇಸ್‌ಗಳನ್ನು ಕಿಣ್ವಗಳು ಕೆರೆದುಹಾಕುತ್ತವೆ. ಡಿ ಗಿಡ್ಡವಾಗಿರುವುದರಿಂದ ಎರಡೂ ಬದಿಯಲ್ಲಿ ಸವೆದು ಕೆಲವೊಮ್ಮೆ ಅದು ಯಾವ ಡಿ ಎಂದು ಹೇಳುವುದೇ ಕಷ್ಟವಾಗುತ್ತದೆ. ಆಮೇಲೆ ಬರುವುದು ಟಿಡಿಟಿ ಎಂಬ ಕಿಣ್ವ. ಡಿಎನ್‌ಎ ಕಟ್ಟುವ ಬೇರೆ ಕಿಣ್ವಗಳು ಸಾಮಾನ್ಯವಾಗಿ ಎದುರಿನ ಎಳೆಯನ್ನು ನೋಡಿಕೊಂಡು ಅಕ್ಷರ ಸೇರಿಸಿದರೆ, ಟಿಡಿಟಿ ಯಾವ ಮಾದರಿಯನ್ನೂ ನೋಡದೆ ತನಗೆ ಸಿಕ್ಕಿದ ಅಕ್ಷರ ಸೇರಿಸುತ್ತದೆ. ಜಿ ಮತ್ತು ಸಿ ಕಡೆಗೆ ಅದಕ್ಕೆ ಒಲವು. ಇವು ಎನ್ ಅಕ್ಷರಗಳು. ಒಂದು ಬೆಸುಗೆಯಲ್ಲಿ ಸೊನ್ನೆಯಿಂದ ಇಪ್ಪತ್ತರವರೆಗೂ ಇರಬಹುದು. ಕೊನೆಗೆ ಮ್ಯೂ ಮತ್ತು ಲ್ಯಾಂಬ್ಡಾ ಪಾಲಿಮರೇಸ್‌ಗಳು ಸಂದುಗಳನ್ನು ತುಂಬುತ್ತವೆ. ಎಕ್ಸ್‌ಆರ್‌ಸಿಸಿ-4, ಎಕ್ಸ್‌ಎಲ್‌ಎಫ್ ಎಂಬ ಪ್ರೋಟೀನ್‌ಗಳ ಜೊತೆಗಿರುವ ಲಿಗೇಸ್-4 ಕಿಣ್ವ ಅಂಟು ಹಾಕುತ್ತದೆ.

ಈಗ ಲೆಕ್ಕ ಹಾಕಿ. ವಿ ಮತ್ತು ಡಿ ನಡುವೆ ಆರೇ ಆರು ಎನ್ ಅಕ್ಷರ ಬಿದ್ದವು ಎನ್ನಿ. ನಾಲ್ಕು ಬಗೆಯ ಅಕ್ಷರ, ಆರು ಜಾಗ: 4,096 ಸಾಧ್ಯತೆ. ಡಿ ಮತ್ತು ಜೆ ನಡುವೆಯೂ ಅಷ್ಟೇ ಬಿದ್ದರೆ ಎರಡೂ ಸೇರಿ 1.6 ಕೋಟಿ ಮೀರುತ್ತದೆ. ಇದು ಒಂದೇ ವಿ, ಒಂದೇ ಡಿ, ಒಂದೇ ಜೆ ಇಟ್ಟುಕೊಂಡು. ಸವೆತದ ವ್ಯತ್ಯಾಸ, ಡಿಯನ್ನು ಮೂರು ಬಗೆಯ ಓದು ಚೌಕಟ್ಟುಗಳಲ್ಲಿ ಓದಬಹುದಾದದ್ದು, ಹಗುರ ಸರಪಳಿಯ ಬೆಸುಗೆ ಇವೆಲ್ಲ ಇನ್ನೂ ಹೊರಗಿವೆ. ಬೇರೆ ಬೇರೆ ಅನುಕ್ರಮಗಳು ಒಂದೇ ಅಮೈನೋ ಆಮ್ಲ ಕೊಡುವುದನ್ನೂ, ಓದಲಾಗದವನ್ನೂ ಕಳೆದರೂ ಅಂದಾಜು ಹತ್ತು ಸಾವಿರ ಕೋಟಿಯನ್ನು ಸುಲಭವಾಗಿ ದಾಟುತ್ತದೆ. ದೇಹದಲ್ಲಿ ಯಾವುದೇ ಹೊತ್ತಿನಲ್ಲಿ ಇರುವ ಬಿ ಕೋಶಗಳಿಗೆ ಈ ಸಾಧ್ಯತೆಗಳನ್ನೆಲ್ಲ ಮುಗಿಸಲಾಗದು.

ಟಿಡಿಟಿ ಭಾರ ಸರಪಳಿಯ ಹಂತದಲ್ಲಿ ಜೋರಾಗಿರುತ್ತದೆ, ಹಗುರ ಸರಪಳಿಯ ಹೊತ್ತಿಗೆ ತಗ್ಗುತ್ತದೆ. ಅದಕ್ಕೇ ಹಗುರ ಸರಪಳಿಯ ಬೆಸುಗೆಯಲ್ಲಿ ಎನ್ ಅಕ್ಷರ ಕಡಿಮೆ. ಇಲಿಯ ಭ್ರೂಣದಲ್ಲಿ ಟಿಡಿಟಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಲ್ಲಿ ತುದಿಗಳಲ್ಲಿ ಒಂದೆರಡು ಅಕ್ಷರ ಒಂದೇ ಆಗಿದ್ದ ಕಡೆ ಬೆಸುಗೆ ಬೀಳುತ್ತದೆ, ಅದೇ ಅದೇ ಪ್ರತಿಕಾಯಗಳು ಮತ್ತೆ ಮತ್ತೆ ಹುಟ್ಟುತ್ತವೆ.

ಒರಟುತನದ ದಂಡ

ಸುಮ್ಮನೆ ಸಿಗುವ ವೈವಿಧ್ಯವಲ್ಲ ಇದು. ಮೂರಕ್ಷರಕ್ಕೊಂದು ಅಮೈನೋ ಆಮ್ಲ. ಬೆಸುಗೆಯಲ್ಲಿ ಸೇರಿದ, ಸವೆದ ಅಕ್ಷರಗಳ ಮೊತ್ತ ವಿಯ ಓದನ್ನು ಜೆಯ ಓದಿಗೆ ಸರಿಯಾಗಿ ಹೊಂದಿಸುವ ಸಾಧ್ಯತೆ ಮೂರರಲ್ಲಿ ಒಂದು. ಉಳಿದ ಎರಡು ಸಲ ಜೆ ದಾಟಿದ ಮೇಲೆ ಓದು ಅಡ್ಡಾದಿಡ್ಡಿಯಾಗಿ ಸರಪಳಿ ಕೆಡುತ್ತದೆ. ತಂದೆಯಿಂದ ಬಂದ ವರ್ಣತಂತುವಿನಲ್ಲಿ ಕೆಟ್ಟರೆ ತಾಯಿಯಿಂದ ಬಂದದ್ದರಲ್ಲಿ ಇನ್ನೊಂದು ಪ್ರಯತ್ನ ಸಿಗುತ್ತದೆ. ಗೆಲ್ಲುವ ಲೆಕ್ಕ: ಮೊದಲ ಸಲ ಮೂರನೇ ಒಂದು, ಅಂದರೆ ಒಂಬತ್ತರಲ್ಲಿ ಮೂರು. ಮೊದಲು ಸೋತು ಎರಡನೇ ಸಲ ಗೆಲ್ಲುವುದು ಒಂಬತ್ತರಲ್ಲಿ ಎರಡು. ಒಟ್ಟು ಒಂಬತ್ತರಲ್ಲಿ ಐದು, ನೂರಕ್ಕೆ 55ರ ಆಸುಪಾಸು. ನಡುವೆ ನಿಲುಗಡೆ ಸಂಕೇತ ಬಿದ್ದು ಕೆಡುವುದೂ ಇರುವುದರಿಂದ ನಿಜದಲ್ಲಿ ಇನ್ನೂ ಕಡಿಮೆ.

ಈ ಸರಳ ಲೆಕ್ಕದಲ್ಲಿ ಒಂದು ಸೊಗಸಿದೆ. ಗೆದ್ದ ಕೋಶಗಳಲ್ಲಿ ಮೊದಲ ಯತ್ನದವು ಮತ್ತು ಎರಡನೇ ಯತ್ನದವುಗಳ ಪ್ರಮಾಣ 3:2 ಇರಬೇಕು. ಬೆಳೆದ ಬಿ ಕೋಶಗಳ ಡಿಎನ್‌ಎ ತೆಗೆದು ನೋಡಿದರೆ ನೂರಕ್ಕೆ ಸುಮಾರು 60 ಪಾಲಿನಲ್ಲಿ ಇನ್ನೊಂದು ವರ್ಣತಂತು ಡಿ-ಜೆ ಹಂತದಲ್ಲೇ ನಿಂತಿರುತ್ತದೆ, ಸುಮಾರು 40 ಪಾಲಿನಲ್ಲಿ ಕೆಟ್ಟ ವಿ-ಡಿ-ಜೆ ಇರುತ್ತದೆ. ಒಂದು ಗೆದ್ದೊಡನೆ ಇನ್ನೊಂದು ನಿಲ್ಲುತ್ತದೆ ಎನ್ನುವುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ.

ಕೋಶ ಈ ಕೆಲಸವನ್ನು ಒಂದು ಕ್ರಮದಲ್ಲಿ ಮಾಡುತ್ತದೆ. ಅಸ್ಥಿಮಜ್ಜೆಯಲ್ಲಿ ಪ್ರೊ-ಬಿ ಎಂಬ ಆರಂಭದ ಹಂತದಲ್ಲಿ ಎರಡೂ ವರ್ಣತಂತುಗಳಲ್ಲಿ ಡಿ-ಜೆ ಸೇರುತ್ತದೆ. ಆಮೇಲೆ ಒಂದರಲ್ಲಿ ವಿ ಬಂದು ಸೇರುತ್ತದೆ. ಭಾರ ಸರಪಳಿ ಸರಿಯಾಗಿ ಬಂದಿತೇ ಎಂದು ನೋಡಲು ಹಗುರ ಸರಪಳಿ ಇನ್ನೂ ತಯಾರಿಲ್ಲ. ಹಾಗಾಗಿ ವಿ-ಪ್ರೀ-ಬಿ ಮತ್ತು ಲ್ಯಾಂಬ್ಡಾ-5 ಎಂಬ ಎರಡು ಬದಲಿ ಪ್ರೋಟೀನ್‌ಗಳು ಅದರ ಜಾಗದಲ್ಲಿ ನಿಂತು ಪ್ರೀ-ಬಿ ಗ್ರಾಹಕವಾಗುತ್ತವೆ. ಗ್ರಾಹಕ ಸರಿಯಾಗಿ ಕೂತರೆ ಸಂಕೇತ ಹೊರಡುತ್ತದೆ: ರ‍್ಯಾಗ್ ಬಂದ್, ಇನ್ನೊಂದು ವರ್ಣತಂತುವಿನ ಬಾಗಿಲು ಬಂದ್, ಕೋಶ ಹಲವು ಸಲ ವಿಭಜನೆಯಾಗಲಿ. ಗೆದ್ದ ಒಂದು ಭಾರ ಸರಪಳಿ ಹೀಗೆ ಹತ್ತಾರು ಕೋಶಗಳಿಗೆ ಹಂಚಿಹೋಗಿ, ಪ್ರತಿಯೊಂದೂ ಬೇರೆ ಹಗುರ ಸರಪಳಿ ಹುಡುಕುತ್ತದೆ. ಈ ಸಂಕೇತವನ್ನು ದಾಟಿಸುವ ಬಿಟಿಕೆ ಕಿಣ್ವ ಕೆಟ್ಟ ಗಂಡುಮಕ್ಕಳಲ್ಲಿ ಬಿ ಕೋಶಗಳು ಇಲ್ಲೇ ನಿಂತುಬಿಡುತ್ತವೆ, ರಕ್ತದಲ್ಲಿ ಪ್ರತಿಕಾಯ ಇರುವುದೇ ಇಲ್ಲ ಎನ್ನುವಂತಾಗುತ್ತದೆ.

ವಿಭಜನೆ ನಿಂತ ಮೇಲೆ ರ‍್ಯಾಗ್ ಮತ್ತೆ ಏಳುತ್ತದೆ. ಮೊದಲು ಕಪ್ಪಾ, ಕೆಟ್ಟರೆ ಲ್ಯಾಂಬ್ಡಾ. ಹಗುರ ಸರಪಳಿಗೆ ಒಂದು ಅನುಕೂಲವಿದೆ. ಒಂದು ಬೆಸುಗೆ ಕೆಟ್ಟರೂ ಹಿಂದೆ ಬಳಸದ ವಿಗಳು, ಮುಂದೆ ಬಳಸದ ಜೆಗಳು ಉಳಿದಿರುತ್ತವೆ. ಅವುಗಳನ್ನು ಸೇರಿಸಿ ಮತ್ತೆ ಯತ್ನಿಸಬಹುದು. ಭಾರ ಸರಪಳಿಯಲ್ಲಿ ವಿ-ಡಿ-ಜೆ ಆದೊಡನೆ ಉಳಿದ ಡಿಗಳೆಲ್ಲ ಕಳಚಿಹೋಗಿರುವುದರಿಂದ ಆ ಅನುಕೂಲ ಇಲ್ಲ. ತಯಾರಾದ ಪ್ರತಿಕಾಯ ಸ್ವಂತ ದೇಹವನ್ನೇ ಹಿಡಿದರೂ ಇದೇ ದಾರಿ: ಹಗುರ ಸರಪಳಿಯನ್ನು ಬದಲಿಸಿ ನೋಡುವುದು, ಆಗದಿದ್ದರೆ ಸಾಯುವುದು. ಮನುಷ್ಯನ ಅಸ್ಥಿಮಜ್ಜೆಯ ಮೊದಮೊದಲ ಬಿ ಕೋಶಗಳಲ್ಲಿ ನೂರಕ್ಕೆ 55ರಿಂದ 75 ಸ್ವಂತ ದೇಹದ ಅಂಶಗಳಿಗೆ ಅಂಟುವಂಥವು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕಣ್ಣು ಮುಚ್ಚಿ ಅಕ್ಷರ ಸೇರಿಸಿದರೆ ಇನ್ನೇನಾದೀತು! ಕೊನೆಗೆ ಮನುಷ್ಯನಲ್ಲಿ ಕಪ್ಪಾ ಮತ್ತು ಲ್ಯಾಂಬ್ಡಾ ಕೋಶಗಳು ಸುಮಾರು 60:40, ಇಲಿಯಲ್ಲಿ 95:5.

ಲಕ್ಷಾಂತರ ಬೇಸ್ ದೂರವಿರುವ ವಿ ಹೇಗೆ ಜೆಯ ಹತ್ತಿರ ಬರುತ್ತದೆ ಎಂದು ನೀವು ಕೇಳಿಲ್ಲ, ಆದರೂ ಒಂದು ಮಾತು. ರ‍್ಯಾಗ್ ವಿಗಳನ್ನು ಹುಡುಕಿಕೊಂಡು ಅಲೆಯುವುದಿಲ್ಲ, ಜೆಯ ಬಳಿ ಠಿಕಾಣಿ ಹೂಡುತ್ತದೆ. ಅಲ್ಲಿ ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನ್‌ಗಳ ಮೇಲಿರುವ, ಚುರುಕಾದ ಜೀನ್‌ಗಳನ್ನು ಸೂಚಿಸುವ ಒಂದು ಗುರುತನ್ನು ರ‍್ಯಾಗ್-2 ಹಿಡಿದುಕೊಳ್ಳುತ್ತದೆ. ಕೊಹೆಸಿನ್ ಎಂಬ ಪ್ರೋಟೀನ್ ಉಂಗುರ ಡಿಎನ್‌ಎಯನ್ನು ಕುಣಿಕೆಯಾಗಿ ಎಳೆದೆಳೆದು ಅದರ ಮುಂದೆ ಹಾಯಿಸುತ್ತದೆ. ಹಾದುಹೋಗುವ ಗುರುತುಗಳಲ್ಲಿ ಸರಿಯಾದ ದಿಕ್ಕಿಗೆ ಮುಖ ಮಾಡಿದ್ದು ಸಿಕ್ಕರೆ ಜೋಡಿ ಕೂಡುತ್ತದೆ. ಡಿ-ಜೆ ಮೊದಲು, ವಿ ಆಮೇಲೆ ಎಂಬ ಕ್ರಮ ಬರುವುದು ಬಾಗಿಲು ತೆರೆಯುವ ಈ ಸರದಿಯಿಂದ, 12/23ರಿಂದ ಅಲ್ಲ.

ಕ್ಯಾನ್ಸರ್ ಏಕೆ ಆಗುವುದಿಲ್ಲ, ಯಾವಾಗ ಆಗುತ್ತದೆ

ಕಾವಲುಗಳು ಹಲವು. ರ‍್ಯಾಗ್ ಎರಡೂ ಒಟ್ಟಿಗೆ ತಯಾರಾಗುವುದು ಬೆಳೆಯುತ್ತಿರುವ ಬಿ ಮತ್ತು ಟಿ ಕೋಶಗಳಲ್ಲಿ ಮಾತ್ರ. ಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡಲು ಹೊರಟೊಡನೆ ರ‍್ಯಾಗ್-2ರ ಬಾಲದಲ್ಲಿರುವ 490ನೇ ಅಮೈನೋ ಆಮ್ಲವಾದ ಥ್ರಿಯೋನಿನ್ ಮೇಲೆ ಫಾಸ್ಫೇಟ್ ಕೂರುತ್ತದೆ, ಪ್ರೋಟೀನ್ ಕರಗಿಹೋಗುತ್ತದೆ. ಹಾಗಾಗಿ ಮುರಿದ ಡಿಎನ್‌ಎ ನಕಲಾಗುವ ಅಪಾಯ ಕಡಿಮೆ. ಎಟಿಎಂ ಎಂಬ ಕಿಣ್ವ ಮುರಿದ ತುದಿಗಳನ್ನು ಹಿಡಿದಿಡುತ್ತದೆ, ಒಂದು ವರ್ಣತಂತು ಮುರಿದಿರುವಾಗ ಇನ್ನೊಂದನ್ನು ಕತ್ತರಿಸದಂತೆ ನೋಡಿಕೊಳ್ಳುತ್ತದೆ. ಬೆಸುಗೆ ಬೀಳದೇ ಹೋದರೆ ಪಿ-53 ಎಂಬ ಕಾವಲು ಪ್ರೋಟೀನ್ ಕೋಶವನ್ನು ಕೊಲ್ಲುತ್ತದೆ.

ಇಷ್ಟಾದರೂ ತಪ್ಪುತ್ತದೆ. ಫಾಲಿಕ್ಯುಲರ್ ಲಿಂಫೋಮಾ ಎಂಬ ಬಿ ಕೋಶದ ಕ್ಯಾನ್ಸರಿನ ಬಹುಪಾಲು ರೋಗಿಗಳಲ್ಲಿ 18ನೇ ವರ್ಣತಂತುವಿನ, ಕೋಶ ಸಾಯದಂತೆ ತಡೆಯುವ ಬಿಸಿಎಲ್-2 ಜೀನ್ ಬಂದು 14ನೇ ವರ್ಣತಂತುವಿನ ಜೆ ಬಳಿ ಅಂಟಿರುತ್ತದೆ. 14ರ ಕಡೆಯ ಮುರಿತ ರ‍್ಯಾಗ್‌ನದ್ದು. ಡಿ-ಜೆ ಸೇರುವ ಹೊತ್ತಿನಲ್ಲಿ ಜೆಯ ತುದಿ ತಪ್ಪಿದ ಸಂಗಾತಿಯನ್ನು ಹಿಡಿದಿದೆ. ಬೆಸುಗೆಯಲ್ಲಿ ಎನ್ ಅಕ್ಷರಗಳೂ ಕಾಣುತ್ತವೆ, ಟಿಡಿಟಿ ಅಲ್ಲಿದ್ದುದಕ್ಕೆ ಅದು ಗುರುತು. ಮ್ಯಾಂಟಲ್ ಕೋಶ ಲಿಂಫೋಮಾದಲ್ಲಿ ಇದೇ ರೀತಿ 11ನೇ ವರ್ಣತಂತುವಿನ, ಕೋಶವನ್ನು ವಿಭಜನೆಗೆ ದೂಡುವ ಸೈಕ್ಲಿನ್ ಡಿ-1 ಜೀನ್ ಅಂಟಿರುತ್ತದೆ. ಆರೋಗ್ಯವಂತರ ರಕ್ತದಲ್ಲೂ ಬಿಸಿಎಲ್-2 ಅಂಟಿದ ಕೋಶಗಳು ಬೆರಳೆಣಿಕೆಯಷ್ಟು ಸಿಗುತ್ತವೆ. ಅದೊಂದೇ ಕ್ಯಾನ್ಸರ್‌ಗೆ ಸಾಲದು. ಆದರೆ ಬರ್ಕಿಟ್ ಲಿಂಫೋಮಾದ 8 ಮತ್ತು 14ರ ಅದಲುಬದಲನ್ನು ರ‍್ಯಾಗ್‌ನ ತಲೆಗೆ ಕಟ್ಟಬೇಡಿ. ಅದರಲ್ಲಿ ಹೆಚ್ಚಿನವು ಎಐಡಿ ಎಂಬ ಬೇರೆ ಕಿಣ್ವದ ಕೆಲಸ. ರೋಗಾಣುವನ್ನು ಕಂಡ ಮೇಲೆ ಪ್ರತಿಕಾಯವನ್ನು ತಿದ್ದುವುದು, ಎಂ ವರ್ಗದಿಂದ ಜಿ ವರ್ಗಕ್ಕೆ ಬದಲಿಸುವುದು ಎಐಡಿ. ಅದಕ್ಕೂ ವಿ-ಡಿ-ಜೆ ಜೋಡಣೆಗೂ ಕಾಲ ಬೇರೆ, ಜಾಗ ಬೇರೆ.

ಯಂತ್ರವೇ ಕೆಟ್ಟಾಗ ಆಗುವುದು ಇನ್ನೊಂದು ಬಗೆ. ರ‍್ಯಾಗ್ ಪೂರ್ತಿ ಇಲ್ಲದ ಮಗುವಿನಲ್ಲಿ ಟಿ ಕೋಶವೂ ಇಲ್ಲ, ಬಿ ಕೋಶವೂ ಇಲ್ಲ. ಜೀನ್ ಜೋಡಣೆ ಬೇಡದ ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕೋಶ ಮಾತ್ರ ಇರುತ್ತದೆ. ಆರ್ಟೆಮಿಸ್, ಡಿಎನ್‌ಎ-ಪಿಕೆ, ಲಿಗೇಸ್-4 ಕೆಟ್ಟರೂ ರಕ್ತದ ಚಿತ್ರ ಹೆಚ್ಚುಕಡಿಮೆ ಇದೇ. ಆದರೆ ಒಂದು ದೊಡ್ಡ ವ್ಯತ್ಯಾಸ: ಈ ಮೂರೂ ದೇಹದ ಎಲ್ಲ ಕೋಶಗಳ ರಿಪೇರಿಗೂ ಬೇಕಾದವು. ಹಾಗಾಗಿ ಆ ಮಗುವಿಗೆ ವಿಕಿರಣ ತಾಳುವ ಶಕ್ತಿ ಇರುವುದಿಲ್ಲ. ಕಾಂಡಕೋಶ ಕಸಿಗೆ ಮುನ್ನ ಕೊಡುವ ಔಷಧ-ವಿಕಿರಣದ ಪ್ರಮಾಣ ನಿರ್ಧರಿಸುವ ಮೊದಲು ಯಾವ ಜೀನ್ ಕೆಟ್ಟಿದೆ ಎಂದು ತಿಳಿಯುವುದು ಇದಕ್ಕೇ. ಅಗತ್ಯವಿಲ್ಲದ ಎಕ್ಸ್-ರೇ, ಸಿಟಿ ಕೂಡ ತಪ್ಪಿಸುತ್ತಾರೆ. ರ‍್ಯಾಗ್ ಅಲ್ಪಸ್ವಲ್ಪ ಕೆಲಸ ಮಾಡುತ್ತಿದ್ದರೆ ಚಿತ್ರ ಇನ್ನೂ ಗೊಂದಲದ್ದು. ನಾಲ್ಕಾರು ಬಗೆಯ ಟಿ ಕೋಶಗಳಷ್ಟೇ ಹುಟ್ಟಿ, ಅವೇ ಹೆಚ್ಚಿ ದೇಹದ ಮೇಲೆ ಬೀಳುತ್ತವೆ: ಮೈಯೆಲ್ಲ ಕೆಂಪು, ಊದಿದ ಗ್ರಂಥಿಗಳು, ಏರಿದ ಇಯೊಸಿನೊಫಿಲ್ ರಕ್ತಕಣಗಳು ಮತ್ತು ಐಜಿಇ ಪ್ರತಿಕಾಯ. ಇದು ಓಮನ್ ಸಿಂಡ್ರೋಮ್. ಟಿ ಕೋಶಗಳ ಎಣಿಕೆ ಸರಿಯಾಗಿದೆ ಎಂದು ಇಲ್ಲಿ ನೆಮ್ಮದಿಪಟ್ಟರೆ ರೋಗ ತಪ್ಪಿಹೋಗುತ್ತದೆ. ಎಣಿಕೆಗಿಂತ ಬಗೆಗಳೆಷ್ಟು ಎನ್ನುವುದನ್ನು ನೋಡಬೇಕು.

ವರದಿಯ ‘ಕ್ಲೋನಲ್’

ಡಿಎನ್‌ಎ ಮರುಜೋಡಣೆಯಾಗುತ್ತದೆ ಎಂದು ಗೊತ್ತಾದದ್ದೇ ಬೇರೆ ಬೇರೆ ಕೋಶಗಳ ಡಿಎನ್‌ಎ ತುಂಡುಗಳನ್ನು ಹೋಲಿಸಿದ್ದರಿಂದ. 1976ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹೊಝುಮಿ ಮತ್ತು ಟೊನೆಗಾವಾ ಇಲಿಯ ಭ್ರೂಣದ ಡಿಎನ್‌ಎಯನ್ನೂ, ಪ್ರತಿಕಾಯ ತಯಾರಿಸುವ ಗೆಡ್ಡೆಯೊಂದರ ಡಿಎನ್‌ಎಯನ್ನೂ ಒಂದೇ ಕಿಣ್ವದಿಂದ ಕತ್ತರಿಸಿ, ಹಗುರ ಸರಪಳಿಯ ಆರ್‌ಎನ್‌ಎ ಎಲ್ಲಿ ಅಂಟುತ್ತದೆ ಎಂದು ನೋಡಿದರು. ಭ್ರೂಣದಲ್ಲಿ ಎರಡು ಬೇರೆ ತುಂಡುಗಳಿಗೆ ಅಂಟಿತು, ಗೆಡ್ಡೆಯಲ್ಲಿ ಒಂದೇ ತುಂಡಿಗೆ. ಬದುಕಿನ ನಡುವೆ ಜೀನ್ ಜಾಗ ಬದಲಿಸಿದೆ ಎನ್ನದೆ ಬೇರೆ ದಾರಿ ಇರಲಿಲ್ಲ. ಟೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು.

ಇವತ್ತಿನ ಪರೀಕ್ಷೆಯಲ್ಲಿ ವಿಯ ಒಳಗಿನ ಒಂದು ಜಾಗ ಮತ್ತು ಜೆಯ ನಡುವೆ ಪಿಸಿಆರ್ (ಆ ಭಾಗದ ಡಿಎನ್‌ಎಯನ್ನು ಅಸಂಖ್ಯ ಪ್ರತಿಗಳಾಗಿ ನಕಲು ಮಾಡುವ ವಿಧಾನ) ಮಾಡಿ, ಬಂದ ತುಂಡುಗಳ ಉದ್ದ ಅಳೆಯುತ್ತಾರೆ. ಬೆಸುಗೆಯ ಉದ್ದ ಕೋಶದಿಂದ ಕೋಶಕ್ಕೆ ಬದಲಾಗುತ್ತದೆ. ಸಾವಿರಾರು ಬಗೆಯ ಕೋಶಗಳಿದ್ದರೆ ಗುಡ್ಡದಂತೆ ಏರಿಳಿಯುವ ಸಾಲು ಶಿಖರಗಳು ಬರುತ್ತವೆ. ಶಿಖರದಿಂದ ಶಿಖರಕ್ಕೆ ಮೂರು ಬೇಸ್ ಅಂತರ. ಓದು ಕೆಡದ ಬೆಸುಗೆಗಳೇ ಹೆಚ್ಚಾಗಿ ಉಳಿದಿರುವುದರಿಂದ. ಒಂದೇ ಕೋಶದ ಸಂತಾನ ಹೆಚ್ಚಿದ್ದರೆ ಗುಡ್ಡದ ಬದಲು ಒಂದೇ ಚೂಪು ಕಂಬ ನಿಲ್ಲುತ್ತದೆ. ಅದೇ ‘ಕ್ಲೋನಲ್’. ಎರಡು ಕಂಬ ಬಂದರೆ ಎರಡು ಕ್ಲೋನ್ ಎಂದು ಅವಸರಪಡಬೇಡಿ. ಮೇಲೆ ಹೇಳಿದ 40 ಪಾಲು ನೆನಪಿಸಿಕೊಳ್ಳಿ, ಒಂದೇ ಕೋಶದ ಎರಡನೇ ವರ್ಣತಂತುವಿನ ಕೆಟ್ಟ ಬೆಸುಗೆಯೂ ಕಂಬವಾಗಿ ಕಾಣುತ್ತದೆ.

ಪ್ಯಾರಾಫಿನ್‌ನಲ್ಲಿ ಕೂಡಿಟ್ಟ ಅಂಗಾಂಶದ ಡಿಎನ್‌ಎ ಚೂರುಚೂರಾಗಿರುತ್ತದೆ. ಅಲ್ಲಿ 310ರಿಂದ 360 ಬೇಸ್ ಕೊಡುವ ಎಫ್‌ಆರ್-1 ಪ್ರೈಮರ್ (ನಕಲು ಶುರುವಾಗುವ ಜಾಗಕ್ಕೆ ಅಂಟುವ ಡಿಎನ್‌ಎ ಚೂರು) ಸೋತರೂ 100ರಿಂದ 170 ಬೇಸ್ ಕೊಡುವ ಎಫ್‌ಆರ್-3 ಗೆಲ್ಲಬಹುದು. ತೀರಾ ಚಿಕ್ಕ ಬಯಾಪ್ಸಿಯಲ್ಲಿ ಇರುವ ಹತ್ತಿಪ್ಪತ್ತು ಬಿ ಕೋಶಗಳೇ ಕಂಬಗಳನ್ನು ಎಬ್ಬಿಸಿ ದಾರಿ ತಪ್ಪಿಸುತ್ತವೆ. ಅದಕ್ಕೆ ಒಂದೇ ಡಿಎನ್‌ಎ ಮೇಲೆ ಎರಡು ಸಲ ಪರೀಕ್ಷೆ ನಡೆಸಬೇಕು: ನಿಜವಾದ ಕ್ಲೋನ್ ಎರಡೂ ಸಲ ಅದೇ ಉದ್ದಕ್ಕೆ ಬರುತ್ತದೆ, ಸುಳ್ಳು ಕಂಬ ಜಾಗ ಬದಲಿಸುತ್ತದೆ. ಬಿ ಕೋಶದ ಲ್ಯುಕೇಮಿಯಾದಲ್ಲಿ ಟಿ ಕೋಶ ಗ್ರಾಹಕದ ಜೀನ್ ಕೂಡ ಜೋಡಣೆಯಾಗಿರುವುದು ಸಾಮಾನ್ಯ, ಹಾಗಾಗಿ ಇದೊಂದರಿಂದಲೇ ಕೋಶದ ಕುಲ ಹೇಳಲಾಗದು. ಫಾಲಿಕ್ಯುಲರ್ ಲಿಂಫೋಮಾದಲ್ಲಿ ಕಷ್ಟ ಎದುರುದಿಕ್ಕಿನದು: ಎಐಡಿ ವಿ ತುಂಡನ್ನು ಎಷ್ಟು ತಿದ್ದಿರುತ್ತದೆ ಎಂದರೆ ಪ್ರೈಮರ್ ಅಂಟುವ ಜಾಗವೇ ಬದಲಾಗಿ, ಕ್ಲೋನ್ ಇದ್ದೂ ಕಂಬ ಏಳುವುದಿಲ್ಲ. ಆಗ ಕಪ್ಪಾದ ಕೆಡಿಇ ಎಂಬ ಅಳಿಸುವ ತುಂಡಿನ ಬೆಸುಗೆಯನ್ನು ಹುಡುಕುವುದು ಒಳ್ಳೆಯದು. ಲ್ಯಾಂಬ್ಡಾಗೆ ಹೋಗುವ ಮುನ್ನ ಕೋಶ ಕಪ್ಪಾವನ್ನು ಈ ತುಂಡಿನಿಂದ ಅಳಿಸಿರುತ್ತದೆ, ಅದರೊಂದಿಗೆ ಕಪ್ಪಾದ ಉತ್ತೇಜಕ ಭಾಗಗಳೂ ಹೋಗಿರುತ್ತವೆ. ಹಾಗಾಗಿ ಎಐಡಿ ಅಲ್ಲಿ ಕೈ ಹಾಕಿರುವುದಿಲ್ಲ, ಪ್ರೈಮರ್ ಅಂಟುವ ಜಾಗ ಮೊದಲಿದ್ದಂತೆಯೇ ಇರುತ್ತದೆ.